ಕುದುರೆಯ ಕಾಲಡಿಯ ಚರಿತ್ರೆ



ನಿಮ್ಮ ಇತಿಹಾಸದ ಪಠ್ಯಪುಸ್ತಕದಲ್ಲಿ ಯುದ್ಧದ ಪ್ರಸ್ತಾಪ ಬಂದಾಗಲೆಲ್ಲ ಒಂದು ಲೆಕ್ಕ ಇರುತ್ತದೆ. ಇಷ್ಟು ಸಾವಿರ ಕಾಲಾಳು, ಇಷ್ಟು ಸಾವಿರ ಕುದುರೆ, ಇಷ್ಟು ನೂರು ಆನೆ. ಪರೀಕ್ಷೆಗೆಂದು ಆ ಸಂಖ್ಯೆಗಳನ್ನು ನೀವು ಬಾಯಿಪಾಠ ಮಾಡಿರುತ್ತೀರಿ. ಆದರೆ ಆ ಸಾವಿರಾರು ಕುದುರೆಗಳಲ್ಲಿ ಕುಂಟದೆ ನಡೆಯಬಲ್ಲವು ಎಷ್ಟಿದ್ದವು ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಕುಂಟುವ ಕುದುರೆ ಲೆಕ್ಕದ ಪುಸ್ತಕದಲ್ಲಿ ಒಂದು ಕುದುರೆ. ರಣರಂಗದಲ್ಲಿ ಅದು ಹೊರೆ. ಈ ಲೇಖನದಲ್ಲಿ ನಾವು ಚರಿತ್ರೆಯನ್ನು ಕುದುರೆಯ ಬೆನ್ನಿನ ಮೇಲಿಂದ ನೋಡುವುದು ಬೇಡ. ಅದರ ಕಾಲಡಿಯಿಂದ, ಅಂದರೆ ಗೊರಸು ಮತ್ತು ಲಾಳದ ಕಡೆಯಿಂದ ನೋಡೋಣ.

ಮೊದಲು ಒಂದು ದಾರಿಯನ್ನು ಗಮನಿಸಿ. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ರಸ್ತೆ ಸುಮಾರು 35 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ ಅದು ಒಂದು ಗಂಟೆಯ ಪ್ರಯಾಣ, ಅಷ್ಟೆ. ಗೊರಸಿರುವ ಪ್ರಾಣಿಗೆ ಹಾಗಲ್ಲ. ಈ ಸೀಮೆಯಲ್ಲಿ ಒಂದು ಕಡೆ ಕಪ್ಪು ಎರೆ ಮಣ್ಣು, ಇನ್ನೊಂದು ಕಡೆ ಗರಸು ತುಂಬಿದ ಕೆಂಪು ನೆಲ, ನಡುನಡುವೆ ಬಂಡೆ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಹೋಗುವಷ್ಟು ಹೆಸರಾದದ್ದು. ಮಳೆಗಾಲದಲ್ಲಿ ಎರೆಯ ಕೆಸರಿನಲ್ಲಿ ನಿಂತ ಗೊರಸು ನೀರು ಕುಡಿದು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಅದೇ ಗೊರಸು ಒಣಗಿ ಸೀಳು ಬಿಡುತ್ತದೆ. ಗರಸು ನೆಲ ಅದನ್ನು ಅರದಂತೆ ಉಜ್ಜಿ ಸವೆಸುತ್ತದೆ. ಗುಂಡ್ಲುಪೇಟೆ ದಾಟಿದರೆ ಒಂದು ದಾರಿ ನೀಲಗಿರಿಯ ಘಟ್ಟಕ್ಕೆ, ಇನ್ನೊಂದು ವಯನಾಡಿಗೆ. ನೂರಾರು ವರ್ಷ ಈ ದಾರಿಗಳಲ್ಲಿ ದವಸ, ಉಪ್ಪು, ಬಟ್ಟೆ, ಸೈನ್ಯ ಎಲ್ಲವೂ ಸಾಗಿದ್ದು ಎತ್ತು ಮತ್ತು ಕುದುರೆಗಳ ಗೊರಸಿನ ಮೇಲೆಯೇ.

ಈಗ ಗೊರಸಿನ ರಚನೆಯನ್ನು ಸ್ವಲ್ಪ ತಿಳಿಯೋಣ. ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಹಾಗಾಗಿ ಇಷ್ಟನ್ನು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ.

ಕುದುರೆ ನಡೆಯುವುದು ಬೆರಳ ತುದಿಯಲ್ಲಿ. ಒಂದೊಂದು ಕಾಲಿಗೆ ಒಂದೇ ಬೆರಳು, ಆ ಬೆರಳಿನ ಉಗುರೇ ಗೊರಸು. ಸಾಮಾನ್ಯ ಕುದುರೆಯ ತೂಕ 400ರಿಂದ 500 ಕಿಲೋಗ್ರಾಂ. ಅದರಲ್ಲಿ ಹೆಚ್ಚು ಪಾಲನ್ನು, ಅಂದರೆ ನೂರಕ್ಕೆ ಸುಮಾರು ಅರುವತ್ತರಷ್ಟನ್ನು, ಮುಂಗಾಲುಗಳೇ ಹೊರುತ್ತವೆ. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ ನಿರ್ಜೀವ, ಕತ್ತರಿಸಿದರೆ ನೋವಿಲ್ಲ. ಒಳಗೆ ಜೀವವಿರುವ ಅಂಗಾಂಶ, ಅದರೊಳಗೆ ಪಾದದ ಮೂಳೆ. ಈ ಮೂಳೆ ಗೊರಸಿನ ತಳದ ಮೇಲೆ ಸುಮ್ಮನೆ ಕುಳಿತಿಲ್ಲ. ಪುಸ್ತಕದ ಹಾಳೆಗಳನ್ನು ಒಂದರೊಳಗೊಂದು ಸೇರಿಸಿದಂತೆ ಇರುವ ನೂರಾರು ತೆಳು ಪದರಗಳು ಅದನ್ನು ಗೋಡೆಗೆ ತೂಗುಹಾಕಿವೆ. ಅಡಿಯಲ್ಲಿ, ಹಿಮ್ಮಡಿಯ ಕಡೆಗೆ, ರಬ್ಬರಿನಂಥ ತ್ರಿಕೋನಾಕಾರದ ಒಂದು ಭಾಗವಿದೆ. ಹೆಜ್ಜೆ ಊರಿದಾಗ ಗೊರಸಿನ ಹಿಂಭಾಗ ತುಸು ಅಗಲವಾಗಿ, ಎತ್ತಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಪೆಟ್ಟನ್ನು ತಡೆದುಕೊಳ್ಳುವ ಕೆಲಸದಲ್ಲಿ ಈ ಹಿಗ್ಗು ಕುಗ್ಗುಗಳದ್ದು ದೊಡ್ಡ ಪಾತ್ರ.

ಗೊರಸಿನ ಗೋಡೆ ತಿಂಗಳಿಗೆ 8ರಿಂದ 10 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಮೇಲಿನ ಅಂಚಿನಲ್ಲಿ ಹುಟ್ಟಿದ ಭಾಗ ನೆಲ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಇಂದು ಆದ ತಪ್ಪನ್ನು ಕುದುರೆ ಮುಂದಿನ ವರ್ಷದವರೆಗೂ ಹೊತ್ತು ನಡೆಯಬೇಕು ಎಂದಾಯಿತು. ಕಾಡಿನ ಪ್ರಾಣಿಯಲ್ಲಿ ಬೆಳೆಯುವುದಕ್ಕೂ ಸವೆಯುವುದಕ್ಕೂ ಸಮ. ಮನುಷ್ಯ ಅದರ ಬೆನ್ನ ಮೇಲೆ ಕುಳಿತು, ಕಲ್ಲಿನ ದಾರಿಯಲ್ಲಿ ದಿನವಿಡೀ ಓಡಿಸತೊಡಗಿದಾಗ ಆ ಸಮತೋಲ ತಪ್ಪಿತು. ಲಾಳ ಹುಟ್ಟಿದ್ದು ಈ ಕಾರಣದಿಂದ.

ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಜೆನೊಫೊನ್ ತನ್ನ ಅಶ್ವಗ್ರಂಥದಲ್ಲಿ ಲಾಳದ ಮಾತೆತ್ತುವುದಿಲ್ಲ. ಲಾಯದ ಹೊರಗೆ ದುಂಡು ಕಲ್ಲು ಹರಡಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಿ, ಗೊರಸು ಗಟ್ಟಿಯಾಗುತ್ತದೆ ಎನ್ನುತ್ತಾನೆ. ರೋಮನ್ನರು ಕಬ್ಬಿಣದ ಪಾದುಕೆಯೊಂದನ್ನು ಗೊರಸಿಗೆ ಕಟ್ಟುತ್ತಿದ್ದರು. ಮೊಳೆ ಹೊಡೆದು ಕೂರಿಸುವ ಲಾಳ ಯುರೋಪಿನಲ್ಲಿ ವ್ಯಾಪಕವಾದದ್ದು ಸುಮಾರು 9, 10ನೇ ಶತಮಾನಗಳ ನಂತರ.

ನಮ್ಮಲ್ಲಿ ಪ್ರಾಣಿಗಳ ಆರೈಕೆಯ ವಿದ್ಯೆ ಹಳೆಯದು. ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರವಿದೆ. ಅದೇ ಶತಮಾನದ ಕೀರ್ತಿವರ್ಮ 'ಗೋವೈದ್ಯ'ವನ್ನು ಕನ್ನಡದಲ್ಲೇ ಬರೆದ. ಆದರೂ ದಕ್ಷಿಣ ಭಾರತದ ರಾಜರಿಗೆ ಕುದುರೆ ಎಂದರೆ ಹಡಗಿನಲ್ಲಿ ಬರುವ ದುಬಾರಿ ಸರಕು. 13ನೇ ಶತಮಾನದ ಕೊನೆಯಲ್ಲಿ, ನಮ್ಮ ಈ ಸೀಮೆಯನ್ನು ಹೊಯ್ಸಳರು ಆಳುತ್ತಿದ್ದಾಗ, ಮಾರ್ಕೊ ಪೋಲೊ ತಮಿಳು ಕರಾವಳಿಯ ಪಾಂಡ್ಯ ರಾಜ್ಯಕ್ಕೆ ಬಂದ. ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆ ಕೊಳ್ಳುತ್ತಾರೆ, ವರ್ಷ ಕಳೆಯುವುದರೊಳಗೆ ಅವುಗಳಲ್ಲಿ ನೂರು ಕೂಡ ಉಳಿಯುವುದಿಲ್ಲ ಎಂದು ಆತ ದಾಖಲಿಸಿದ್ದಾನೆ. ಕಾರಣವನ್ನೂ ಹೇಳುತ್ತಾನೆ: ಅವುಗಳನ್ನು ನೋಡಿಕೊಳ್ಳಲು ಅಲ್ಲಿನವರಿಗೆ ಬಾರದು, ಲಾಳ ಕಟ್ಟಿ ಚಿಕಿತ್ಸೆ ಮಾಡುವವರೂ ಇಲ್ಲ. ಕುದುರೆ ಮಾರುವ ವ್ಯಾಪಾರಿಗಳು ಅಂಥವರನ್ನು ಕರೆತರುವುದಿರಲಿ, ಬೇರೆಯವರು ಹೋಗದಂತೆಯೂ ತಡೆಯುತ್ತಾರೆ. ಕುದುರೆ ಬದುಕಿಬಿಟ್ಟರೆ ಮುಂದಿನ ವರ್ಷ ಕೊಳ್ಳುವವರು ಯಾರು?

ಈ ಮಾತಿನಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಸ್ವಲ್ಪ ಇದ್ದಿರಬಹುದು. ಆದರೆ ಆತ ಗುರುತಿಸಿದ ಸಂಗತಿ ದೊಡ್ಡದು. ಕುದುರೆ ಇದ್ದು ಅದರ ಕಾಲು ನೋಡುವ ಕೈ ಇಲ್ಲದಿದ್ದರೆ ಖಜಾನೆ ಸೋರುತ್ತಲೇ ಇರುತ್ತದೆ. ಆ ಕುದುರೆಗಳಿಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರೆಂದೂ ಆತ ಬರೆದಿದ್ದಾನೆ. ಹುಲ್ಲು ತಿನ್ನಬೇಕಾದ ಪ್ರಾಣಿಗೆ ಪಿಷ್ಟದ ಆಹಾರ ಅತಿಯಾದರೆ ಗೊರಸಿನ ಒಳಪದರಗಳು ಉರಿಗೊಂಡು ಸಡಿಲವಾಗುತ್ತವೆ ಎಂಬುದು ಇಂದಿನ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಈ ರೋಗಕ್ಕೆ ಲ್ಯಾಮಿನೈಟಿಸ್ ಎಂದು ಹೆಸರು. ತೂಗುಹಾಕಿದ್ದ ಮೂಳೆ ಹಿಡಿತ ತಪ್ಪಿ ಕೆಳಕ್ಕೆ ವಾಲುತ್ತದೆ. ಕುದುರೆ ನಿಲ್ಲಲೂ ಆಗದೆ ಒದ್ದಾಡುತ್ತದೆ.

ವಿಜಯನಗರದ ಕಾಲಕ್ಕೆ ಬಂದರೂ ಖರ್ಚು ಕಡಿಮೆಯಾಗಲಿಲ್ಲ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಂತೆ ಅಲ್ಲಿನ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದ. ಅದಕ್ಕೂ ಹಿಂದಿನ ಸಾಳುವ ನರಸಿಂಹನಂತೂ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಬಾಲಕ್ಕೂ ಬೆಲೆ ಇದ್ದ ಕಾಲ ಅದು. ಕಾಲು ನೋಡುವವನ ಹೆಸರು ಮಾತ್ರ ಎಲ್ಲಿಯೂ ಸಿಗುವುದಿಲ್ಲ.

ಮೈಸೂರು ಒಡೆಯರ ಕಾಲದಲ್ಲಿ ಈ ಲೆಕ್ಕಾಚಾರ ತುಸು ಬದಲಾಯಿತು. ಪಟ್ಟಕ್ಕೆ ಬರುವ ಮೊದಲು ಗುಂಡ್ಲುಪೇಟೆಯ ಹತ್ತಿರದ ಹಂಗಳದಲ್ಲಿ ದಿನ ಕಳೆದ ಚಿಕ್ಕದೇವರಾಜ ಒಡೆಯರ ಹೆಸರು ನಿಮಗೆ ಗೊತ್ತಿದೆ. ಅವರು 1672ರಿಂದ 1704ರವರೆಗೆ ಆಳಿದರು. ದನಗಳ ಸಾಕಣೆಗಾಗಿ ಅವರು ಸ್ಥಾಪಿಸಿದ 'ಬೆಣ್ಣೆ ಚಾವಡಿ'ಯೇ ಮುಂದೆ ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಆಯಿತು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ತಳಿಯ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಕುದುರೆಗಳಿಗಾಗಿ ಕುಣಿಗಲ್ಲಿನ ಅಶ್ವಪಾಲನಾ ಕೇಂದ್ರವಿತ್ತು. ಅದರ ಮೂಲವನ್ನೂ ಹೈದರ್, ಟಿಪ್ಪುಗಳ ಕಾಲಕ್ಕೇ ಒಯ್ಯುತ್ತಾರೆ. ದೂರದಿಂದ ಕೊಂಡು ತರುವುದಕ್ಕಿಂತ ಇಲ್ಲಿಯ ನೆಲದಲ್ಲಿ ಹುಟ್ಟಿ, ಇಲ್ಲಿಯ ಕಲ್ಲು ತುಳಿದು ಬೆಳೆದ ಪ್ರಾಣಿ ಮೇಲು ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು.

1799ರ ನಂತರ ಇನ್ನೊಂದು ವ್ಯವಸ್ಥೆ ಬಂತು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕಾಯಿತು. ಇವರೇ ಸಿಲೇದಾರರು. ಅರಿಕುಠಾರಕ್ಕೆ ತಮ್ಮ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ ಅದು. ಸಿಲೇದಾರಿ ಪದ್ಧತಿಯಲ್ಲಿ ಕುದುರೆ ಸರ್ಕಾರದ್ದಲ್ಲ. ಸವಾರನೋ ಅವನ ಯಜಮಾನನೋ ತಂದದ್ದು. ಕುದುರೆ ಕುಂಟಿದರೆ ನಷ್ಟ ಅರಮನೆಗಲ್ಲ, ಆ ಮನೆಗೆ. ಸವಾರನ ಹೆಂಡತಿ ಮಕ್ಕಳ ಊಟ ಒಂದು ಗೊರಸಿನ ಸೀಳಿನ ಮೇಲೆ ನಿಂತಿತ್ತು. ಹೀಗಿರುವಾಗ ಲಾಳ ಕಟ್ಟುವವನ ಬಳಿ ಅವನು ಏನು ಕೇಳುತ್ತಿದ್ದನೆಂದು ಊಹಿಸಿ. "ಲಾಳ ಹೊಡಿ" ಎಂದಷ್ಟೇ ಹೇಳಿದರೆ ಸಾಲದು. "ಈ ಕಾಲಿಗೆ ಯಾವ ಲಾಳ?" ಎಂದೇ ಕೇಳಬೇಕು.

ಈ ಪ್ರಶ್ನೆಯೇ ನಮ್ಮ ವಿಷಯದ ತಿರುಳು. ಎಲ್ಲ ಗೊರಸಿಗೂ ಒಂದೇ ಲಾಳ ಎಂಬ ಕ್ರಮದಿಂದ ಒಳ್ಳೆಯ ಗೊರಸು ಹೇಗೋ ಪಾರಾಗುತ್ತದೆ, ದುರ್ಬಲ ಗೊರಸು ಕೆಡುತ್ತದೆ. ಇಂಗ್ಲೆಂಡಿನ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ 1800ರಲ್ಲಿ ಲಾಳ ಕಟ್ಟುವ ವಿವಿಧ ವಿಧಾನಗಳನ್ನು ಹೋಲಿಸಿ ಒಂದು ಪುಸ್ತಕ ಬರೆದ. ಯಂತ್ರದಿಂದ ಲಾಳ ಮಾಡುವ ಪ್ರಯತ್ನವನ್ನೂ ಮಾಡಿದ್ದವನು ಅವನು. 1808ರಲ್ಲಿ ಭಾರತಕ್ಕೆ ಬಂದು ಬಿಹಾರದ ಪೂಸಾದಲ್ಲಿ ಕಂಪನಿಯ ಕುದುರೆಗಳ ಉಸ್ತುವಾರಿ ನೋಡಿಕೊಂಡ. ಒಳ್ಳೆಯ ತಳಿ ಹುಡುಕುತ್ತ ಬುಖಾರಾದವರೆಗೆ ಹೋಗಿ, 1825ರಲ್ಲಿ ಹಿಂತಿರುಗುವ ದಾರಿಯಲ್ಲೇ ತೀರಿಕೊಂಡ.

ಹಾಗಾದರೆ ಆಯ್ಕೆ ಹೇಗೆ? ಅಂದಿನ ಕುಲುಮೆಯ ಅನುಭವಕ್ಕೂ ಇಂದಿನ ವೈದ್ಯಶಾಸ್ತ್ರಕ್ಕೂ ಒಪ್ಪುವ ಕೆಲವು ತತ್ತ್ವಗಳನ್ನು ನೋಡಿ.

ಗೊರಸಿನ ತಳ ಚಪ್ಪಟೆಯಾಗಿ ತೆಳುವಾಗಿದ್ದರೆ ಕಲ್ಲಿನ ಚುಚ್ಚು ನೇರವಾಗಿ ಒಳಗೆ ತಾಗುತ್ತದೆ. ಅಂಥ ಕಾಲಿಗೆ ಅಗಲ ಪಟ್ಟಿಯ ಲಾಳ ಬೇಕು, ಅಗತ್ಯವಿದ್ದರೆ ನಡುವೆ ಚರ್ಮದ ಹಾಳೆ. ಆದರೆ ಲಾಳ ತಳವನ್ನು ಒತ್ತಬಾರದು, ಗೋಡೆಯ ಮೇಲೇ ಕೂರಬೇಕು. ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಸೀಳು ಬಿದ್ದಿದ್ದರೆ, ಹೆಜ್ಜೆಹೆಜ್ಜೆಗೂ ಸೀಳಿನ ಎರಡು ಬದಿ ಅಲುಗಾಡಿ ಅದು ಕೂಡಿಕೊಳ್ಳುವುದೇ ಇಲ್ಲ. ಆಗ ಲಾಳದ ಎರಡು ತುದಿಗಳನ್ನು ಹಿಂದುಗಡೆ ಒಂದು ಅಡ್ಡಪಟ್ಟಿಯಿಂದ ಜೋಡಿಸುತ್ತಾರೆ. ಗೊರಸಿನ ಹಿಂಭಾಗ ಒಟ್ಟಾಗಿ ಭಾರ ಹೊರುತ್ತದೆ. ಸೀಳಿನ ನೇರಕ್ಕೆ ಗೋಡೆಯನ್ನು ತುಸು ತೆಗೆದು, ಅಲ್ಲಿ ಭಾರ ಬೀಳದಂತೆಯೂ ಮಾಡುತ್ತಾರೆ. ಹಿಮ್ಮಡಿ ಕುಸಿದು ಮುಂದಕ್ಕೆ ಬಾಗಿದ್ದರೆ ಮೊಟ್ಟೆಯಾಕಾರದ, ಹಿಂದಕ್ಕೆ ಚಾಚಿದ ಲಾಳ. ಅದು ನೆಲದ ಆಧಾರವನ್ನು ಇನ್ನಷ್ಟು ಹಿಂದಕ್ಕೆ ಒಯ್ಯುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಲ್ಯಾಮಿನೈಟಿಸ್. ಗೋಡೆಯೇ ಮೂಳೆಯನ್ನು ಹಿಡಿಯಲಾರದಾದಾಗ ಗೋಡೆಯ ಮೇಲೆ ಭಾರ ಹಾಕಿ ಫಲವಿಲ್ಲ. ಆಗ ಅಡಿಯ ಆ ರಬ್ಬರಿನಂಥ ತ್ರಿಕೋನಕ್ಕೆ ಆಧಾರ ಕೊಡಬೇಕು. ಹೃದಯದ ಆಕಾರದಲ್ಲಿ ನಡುಪಟ್ಟಿ ಇರುವ ಲಾಳದ ಉದ್ದೇಶ ಇದು. 1980ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನ ಲಾಳಗಾರ ಬರ್ನಿ ಚಾಪ್‌ಮನ್ ಇದನ್ನು ಮತ್ತೆ ಬಳಕೆಗೆ ತಂದ. ಆದರೆ ಎಕ್ಸ್-ರೇ ನೋಡದೆ, ಒತ್ತಡ ಅಳೆಯದೆ ಹಾಕಿದರೆ ಇದೇ ಲಾಳ ಕುದುರೆಗೆ ಮುಳುವಾಗುತ್ತದೆ. ಪಶುವೈದ್ಯನೂ ಲಾಳಗಾರನೂ ಜೊತೆಯಲ್ಲಿ ನಿಂತು ಮಾಡಬೇಕಾದ ಕೆಲಸವಿದು.

ಇನ್ನು ಮೊಳೆಯ ವಿಚಾರ. ಗೊರಸಿನ ಅಡಿಯಲ್ಲಿ ಗೋಡೆಗೂ ತಳಕ್ಕೂ ನಡುವೆ ಒಂದು ಬೆಳ್ಳನೆಯ ಗೆರೆ ಕಾಣುತ್ತದೆ. ಅದರ ಹೊರಗೆ ಹೋದ ಮೊಳೆಯಿಂದ ನೋವಿಲ್ಲ. ಒಳಗೆ ಹೋದರೆ ರಕ್ತ, ಕೀವು, ಕುಂಟು. ಗೋಡೆ ತೆಳುವಾದ ಕುದುರೆಯಲ್ಲಿ ಈ ಅಂತರ ಕೆಲವೇ ಮಿಲಿಮೀಟರು. ಆದ್ದರಿಂದ ಮೊಳೆ ಸಣ್ಣದಿರಬೇಕು, ಕಡಿಮೆ ಇರಬೇಕು, ಹಿಮ್ಮಡಿಯಿಂದ ದೂರವಿರಬೇಕು. ಇಲ್ಲದಿದ್ದರೆ ಗೊರಸು ಹಿಗ್ಗಲಾರದು. ಈಗ ಅಂಟಿನಿಂದ ಕೂರಿಸುವ ಲಾಳಗಳೂ ಬಂದಿವೆ. ಯಾವುದನ್ನೇ ಹಾಕಿದರೂ ಐದಾರು ವಾರಕ್ಕೊಮ್ಮೆ ಬಿಚ್ಚಿ, ಬೆಳೆದ ಗೊರಸನ್ನು ಸವರಿ ಮತ್ತೆ ಹಾಕಬೇಕು. ಕೆಲವೊಮ್ಮೆ ಸರಿಯಾದ ಆಯ್ಕೆ ಲಾಳವನ್ನೇ ಹಾಕದಿರುವುದು: ಗೊರಸು ಸವರಿ, ಮೇವು ಬದಲಿಸಿ, ಮೆತ್ತನೆಯ ಒಣ ನೆಲದಲ್ಲಿ ವಿಶ್ರಾಂತಿ ಕೊಡುವುದು.

ಇಂಥ ವಿದ್ಯೆಯ ಬೆಲೆ ಏನೆಂದು ತಿಳಿಯಲು ಮೈಸೂರು ಲ್ಯಾನ್ಸರ್ಸ್ ದಳದ ಕಥೆ ಸಾಕು. 1892ರಲ್ಲಿ ಸಿಲೇದಾರ ದಳವನ್ನು ಪುನರ್ರಚಿಸಿದಾಗ ರೂಪುಗೊಂಡ ಪಡೆ ಇದು. ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿಗೆ ಹೋಗಿ, ಪ್ಯಾಲೆಸ್ತೀನಿನ ಮರಳು, ಕಲ್ಲುಗಳನ್ನು ದಾಟಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ಆ ದಿನ ಮೈಸೂರಿನ ಕುದುರೆಗಳು ಕಾರ್ಮೆಲ್ ಬೆಟ್ಟದ ಕಡಿದಾದ ಕಲ್ಲಿನ ಇಳಿಜಾರನ್ನೂ ಏರಬೇಕಾಯಿತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ದಳಗಳ ನೆನಪಿಗೆ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಿವೆ. ಗಮನಿಸಿ, ಮೂವರೂ ನಿಂತ ಸೈನಿಕರು. ಕುದುರೆ ಅಲ್ಲಿಲ್ಲ. ಕುದುರೆಯ ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ಕೂತವನಂತೂ ಇಲ್ಲವೇ ಇಲ್ಲ.

ಮತ್ತೆ ನಮ್ಮ ದಾರಿಗೆ ಬರೋಣ. ಚಾಮರಾಜನಗರಕ್ಕೆ ರೈಲು ಬಂದದ್ದು 1926ರಲ್ಲಿ. ಗುಂಡ್ಲುಪೇಟೆಗೆ ಅದು ಮುಂದುವರಿಯಲಿಲ್ಲ. ಲಾರಿಗಳು ಹೆಚ್ಚುವವರೆಗೂ ಸಾಮಾನು ಸಾಗಿದ್ದು ಎತ್ತಿನ ಗಾಡಿಯಲ್ಲಿ, ಜನ ಅವಸರಕ್ಕೆ ಹೋದದ್ದು ಜಟಕಾದಲ್ಲಿ. ಜಟಕಾ ಕುದುರೆಗೂ ಗಾಡಿ ಎತ್ತಿಗೂ ಲಾಳ ಬೇಕು, ಆದರೆ ಎರಡೂ ಬೇರೆ. ಎತ್ತಿನ ಗೊರಸು ಸೀಳಿದ್ದು. ಹಾಗಾಗಿ ಒಂದು ಪಾದಕ್ಕೆ ಎರಡು ತೆಳು ತಗಡಿನಂಥ ಲಾಳ, ನಾಲ್ಕು ಕಾಲಿಗೆ ಎಂಟು. ಕುದುರೆ ಮೂರು ಕಾಲಿನಲ್ಲಿ ನಿಂತು ಒಂದನ್ನು ಕೊಡುತ್ತದೆ. ಎತ್ತು ಹಾಗೆ ನಿಲ್ಲಲಾರದು. ಹಗ್ಗ ಹಾಕಿ, ಮೆಲ್ಲಗೆ ಕೆಡವಿ, ಕಾಲುಗಳನ್ನು ಜೋಡಿಸಿ ಕಟ್ಟಿ, ಆಮೇಲೆ ಕೆಲಸ. ನಿಮ್ಮ ಅಜ್ಜಂದಿರು ಸಂತೆಮಾಳದ ಮರದಡಿಯಲ್ಲಿ ಈ ನೋಟವನ್ನು ಎಷ್ಟೋ ಸಲ ನೋಡಿದ್ದಾರೆ.

ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಆ ಕಡೆ ಹೋಗಿದ್ದಾಗ ರಸ್ತೆಬದಿಯಲ್ಲಿ ಲಾಳ ಕಟ್ಟುತ್ತಿದ್ದ ಹಿರಿಯರೊಬ್ಬರನ್ನು ನಾವು ನಿಂತು ನೋಡಿದೆವು. ನಮ್ಮ ಕ್ಯಾಮೆರಾ ಅವರ ಸುತ್ತಿಗೆಯ ಮೇಲಿತ್ತು. ಅವರು ಸುತ್ತಿಗೆ ಎತ್ತುವ ಮೊದಲು ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು, ಗೊರಸಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು, ಬೆರಳಿನಿಂದ ತಟ್ಟಿ ನೋಡಿದರು. ಒಂದು ಕಾಲಿಗೆ ಲಾಳ ಹೊಡೆಯದೆ ಬಿಟ್ಟರು. "ಯಾಕಣ್ಣ?" ಎಂದು ಎತ್ತಿನವನು ಕೇಳಿದ್ದಕ್ಕೆ, "ಇದು ಬೆಳೀಲಿ, ಬರೋ ತಿಂಗಳು ಹಿಡ್ಕೊಂಡು ಬಾಪ್ಪ" ಎಂದರು. ನಾನು ಪುಸ್ತಕದಲ್ಲಿ ಓದಿ ಮೇಲೆ ಬರೆದದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ನಾವು ಮಾತ್ರ ನಿಜವಾದ ಕೆಲಸವನ್ನು ಬಿಟ್ಟು ಸುತ್ತಿಗೆಯನ್ನಷ್ಟೇ ಚಿತ್ರೀಕರಿಸಿಕೊಂಡಿದ್ದೆವು.

ಇಂದು ಟ್ರ್ಯಾಕ್ಟರು, ಟೆಂಪೋಗಳು ಗಾಡಿಯ ಜಾಗವನ್ನು ಹಿಡಿದಿವೆ. ಉಳಿದ ಎತ್ತುಗಳು ನಡೆಯುವುದು ಟಾರು ರಸ್ತೆಯಲ್ಲಿ. ಟಾರು ಗೊರಸನ್ನು ಬೇಗ ಸವೆಸುತ್ತದೆ, ಸವೆದ ಕಬ್ಬಿಣ ಅದರ ಮೇಲೆ ಜಾರುತ್ತದೆ. ಲಾಳ ಕಟ್ಟುವವರು ಕಡಿಮೆಯಾಗುತ್ತಿರುವುದರಿಂದ ಇದ್ದ ಪ್ರಾಣಿಗಳಿಗೆ ಕಷ್ಟ ಹೆಚ್ಚು. ಈ ವಿದ್ಯೆ ಓಲೆಗರಿಯಲ್ಲಿ ಬರೆದದ್ದಲ್ಲ, ತಂದೆಯ ಕೈ ನೋಡಿ ಮಗ ಕಲಿತದ್ದು. ಮಗ ಬೇರೆ ಕೆಲಸಕ್ಕೆ ಹೋದರೆ ಅದು ಅಲ್ಲಿಗೇ ನಿಲ್ಲುತ್ತದೆ. ಮಗ ಹೋಗಬಾರದೆಂದು ನಾನು ಹೇಳಲಾರೆ. ಆದರೆ ತಂದೆಗೆ ಗೊತ್ತಿದ್ದದ್ದನ್ನು ಯಾರಾದರೂ ಬರೆದಿಡಬೇಕು.

ಆ ಯಾರಾದರೂ ನೀವೇ ಆಗಬಹುದು. ಮುಡುಕುತೊರೆಯ ಜಾತ್ರೆಗೋ ತೆರಕಣಾಂಬಿಯ ಸಂತೆಗೋ ಹೋದಾಗ, ದಸರಾದಲ್ಲಿ ಅಶ್ವದಳ ಸಾಗುವಾಗ, ಒಮ್ಮೆ ಪ್ರಾಣಿಯ ಕಾಲಡಿ ನೋಡಿ. ಗೋಡೆ ಸೀಳಿದೆಯೇ, ಹಿಮ್ಮಡಿ ಕುಸಿದಿದೆಯೇ, ಲಾಳ ಗೊರಸಿನ ಅಳತೆಗಿದೆಯೇ, ಇಲ್ಲ ಲಾಳದ ಅಳತೆಗೆ ಗೊರಸನ್ನು ಕೊಯ್ದಿದ್ದಾರೆಯೇ? ಹತ್ತಿರದಲ್ಲಿ ಲಾಳ ಕಟ್ಟುವವರಿದ್ದರೆ ಗೌರವದಿಂದ ಮಾತನಾಡಿಸಿ. ಯಾವ ಗೊರಸಿಗೆ ಯಾವ ಲಾಳ, ಯಾವುದಕ್ಕೆ ಹೊಡೆಯಬಾರದು ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಊರು, ದಿನಾಂಕ ಹಾಕಿ. ಮುಂದೆ ಯಾರಾದರೂ ಈ ಸೀಮೆಯ ಚರಿತ್ರೆ ಬರೆಯುವಾಗ, ಕುದುರೆಗಳು ಎಷ್ಟಿದ್ದವು ಎಂಬ ಲೆಕ್ಕದ ಪಕ್ಕದಲ್ಲಿ ಅವು ನಡೆದದ್ದು ಹೇಗೆ ಎಂಬ ನಿಮ್ಮ ಎರಡು ಪುಟವೂ ಇರಲಿ.